ಕಾಗದದಲ್ಲಿ ಕೊಟ್ಟ ವಯನಾಡು

ಸುಲ್ತಾನ್ ಬತ್ತೇರಿ ಎಂದೊಡನೆ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಮಂಗಳೂರಿನ ಬೋಳೂರಿನಲ್ಲಿ ಹೊಳೆಯ ದಡದಲ್ಲಿರುವ ಕಾವಲು ಬುರುಜು ನೆನಪಾಗುವುದು ಸಹಜ. ಆದರೆ ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ, ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿಯನ್ನು. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳ ಮೇಲಾಗಿ ಬಂಡೀಪುರದ ಕಾಡನ್ನು ದಾಟಿ, ಮುತ್ತಂಗದ ದಾರಿಯಾಗಿ ಕೇರಳಕ್ಕೆ ಬರುವವರಿಗೆ ಮೊದಲು ಸಿಗುವ ದೊಡ್ಡ ಪೇಟೆ ಇದು.

ಈ ಊರಿಗೆ ಮೂರು ಹೆಸರುಗಳಿವೆ. ಕನ್ನಡನಾಡಿನಿಂದ ಹೋಗಿ ನೆಲಸಿದ ಜೈನರ ಕಾಲದಲ್ಲಿ ಇದು ‘ಹನ್ನೆರಡು ಬೀದಿ’. ಗಣಪತಿ ದೇವಾಲಯದಿಂದಾಗಿ ‘ಗಣಪತಿವಟ್ಟಂ’. ಟಿಪ್ಪು ಸುಲ್ತಾನನು ಇಲ್ಲಿನ ಕಲ್ಲಿನ ಬಸದಿಯನ್ನು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿದ್ದರಿಂದ ಇಂಗ್ಲಿಷರ ಬಾಯಲ್ಲಿ ‘ಸುಲ್ತಾನ್ಸ್ ಬ್ಯಾಟರಿ’. ಆ ಬ್ಯಾಟರಿಯೇ ಸವೆದು ಬತ್ತೇರಿಯಾಯಿತು. ಉಳಿದದ್ದು ಕೊನೆಯ ಹೆಸರು. ಅಂದರೆ ಸುಲ್ತಾನನನ್ನು ಸೋಲಿಸಿದವರು ಇಟ್ಟ ಹೆಸರು.

ಬಸದಿಯ ಅಂಗಳದಲ್ಲಿ ಭೇಟಿಯಾದ ವೃದ್ಧರೊಬ್ಬರು, ಮನೆಯಲ್ಲಿ ಇನ್ನೂ ಕನ್ನಡದ ಮಾತನ್ನು ಉಳಿಸಿಕೊಂಡಿರುವ ಗೌಡರು, ನಾನು ಕಾಸರಗೋಡು ಕಡೆಯವನೆಂದು ತಿಳಿದಾಗ ನಕ್ಕು ಹೇಳಿದರು: “ಹಾಗಾದರೆ ನಿಮಗೆ ವಿವರಿಸುವ ಅಗತ್ಯವಿಲ್ಲ ಮಾಷ್ಟ್ರೇ. ನಮ್ಮ ಊರು ಯಾರದ್ದೆಂದು ಬೇರೆ ಯಾರೋ ಬೇರೆಲ್ಲೋ ಕುಳಿತು ಬರೆಯುತ್ತಾರೆ. ನಾವು ಆಮೇಲೆ ಓದಿ ತಿಳಿದುಕೊಳ್ಳುತ್ತೇವೆ.”

ಅವರ ಮಾತು ಬರೀ ತಮಾಷೆಯಲ್ಲ. ಇನ್ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ವಯನಾಡಿನ ವಿಷಯದಲ್ಲಿ ನಡೆದದ್ದು ಅಕ್ಷರಶಃ ಅದೇ. ಬಲಾಢ್ಯ ಶಕ್ತಿಗಳು ಯುದ್ಧಕ್ಕೆ ಮುಂಚೆ ಲೋಕದ ಮುಂದೆ ತಮ್ಮ ಕಥೆಯನ್ನು ಹೇಗೆ ಹೆಣೆಯುತ್ತವೆ, ಆ ಕಥೆಯಲ್ಲಿ ಸಣ್ಣ ಊರೊಂದು ಹೇಗೆ ಸಾಕ್ಷಿಯ ವಸ್ತುವಾಗುತ್ತದೆ ಎಂಬುದನ್ನು ತಿಳಿಯಲು ನಾವು ವಾಷಿಂಗ್ಟನ್ನಿಗೋ ಮಾಸ್ಕೋಗೋ ಹೋಗಬೇಕಾಗಿಲ್ಲ.

ಪಟ್ಟಿಯಲ್ಲಿಲ್ಲದ ಹೆಸರು

ಮೂರನೆಯ ಮೈಸೂರು ಯುದ್ಧದಲ್ಲಿ ಸೋತ ಟಿಪ್ಪು ಸುಲ್ತಾನನು 1792ರ ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಒಪ್ಪಬೇಕಾಯಿತು. ರಾಜ್ಯದ ಅರ್ಧ ಭಾಗ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಲಾರ್ಡ್ ಕಾರ್ನ್‌ವಾಲಿಸನ ಶಿಬಿರಕ್ಕೆ ಹೋದರು. ಮಲಬಾರು ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಯಿತು.

ವಯನಾಡು? ಇಲ್ಲಿಯೇ ತೊಡಕು. ಮಲಬಾರು ಎಂದರೆ ವಯನಾಡೂ ಸೇರಿತು ಎಂದು ಕಂಪೆನಿಯವರು. ಒಪ್ಪಂದದ ಪಟ್ಟಿಯಲ್ಲಿ ವಯನಾಡಿನ ಹೆಸರಿಲ್ಲ, ಆದ್ದರಿಂದ ಅದು ತನ್ನದು ಎಂದು ಟಿಪ್ಪು. ಇವರಿಬ್ಬರ ನಡುವೆ, ನೆಲದ ಮೇಲೆ ನಿಜವಾಗಿ ನಿಂತಿದ್ದವನು ಕೋಟ್ಟಯಂ ಅರಸು ಮನೆತನದ ಕೇರಳವರ್ಮ ಪಳಶ್ಶಿ ರಾಜ. ಟಿಪ್ಪುವಿನ ವಿರುದ್ಧ ಕಂಪೆನಿಯ ಜೊತೆ ನಿಂತು ಹೋರಾಡಿದ್ದ ಈತ, ಕಂದಾಯದ ವಿಷಯದಲ್ಲಿ ಕಂಪೆನಿಯೊಂದಿಗೆ ಕೆಟ್ಟ ಮೇಲೆ ಟಿಪ್ಪುವಿನ ಅಧಿಕಾರಿಗಳ ಜೊತೆಗೂ ಸಂಧಾನ ನಡೆಸಿದ. 1797ರ ಮಾರ್ಚ್ ತಿಂಗಳಲ್ಲಿ ಪೇರಿಯ ಘಾಟಿಯಲ್ಲಿ ಇವನ ಜನರು ಕಂಪೆನಿಯ ಪಡೆಯೊಂದನ್ನು ಮುತ್ತಿ ಮೇಜರ್ ಕ್ಯಾಮೆರಾನನನ್ನು ಕೊಂದರು. ಕಂಪೆನಿ ಅದೇ ವರ್ಷ ರಾಜನೊಂದಿಗೆ ರಾಜಿಗೆ ಬಂತು.

ಇಷ್ಟು ಹಿನ್ನೆಲೆ. ಈಗ 1798ಕ್ಕೆ ಬರೋಣ.

ಮಾರಿಷಸ್ಸಿನಿಂದ ಬಂದ ಘೋಷಣೆ

ಟಿಪ್ಪು ಫ್ರೆಂಚರ ಸಹಾಯವನ್ನು ಗುಟ್ಟಾಗಿ ಕೇಳಲು ಇಬ್ಬರು ದೂತರನ್ನು ಮಾರಿಷಸ್ ದ್ವೀಪಕ್ಕೆ ಕಳುಹಿಸಿದ್ದ. ಆಗ ಅದು ಫ್ರೆಂಚರ ವಶದಲ್ಲಿತ್ತು. ಅಲ್ಲಿನ ಗವರ್ನರ್ ಜನರಲ್ ಮಲಾರ್ಟಿಕ್ ಗುಟ್ಟನ್ನು ಗುಟ್ಟಾಗಿಡಲಿಲ್ಲ. 1798ರ ಜನವರಿ 30ರಂದು ಬಹಿರಂಗ ಘೋಷಣೆಯೊಂದನ್ನು ಹೊರಡಿಸಿ, ಇಂಗ್ಲಿಷರನ್ನು ಭಾರತದಿಂದ ಓಡಿಸಲು ಟಿಪ್ಪು ಫ್ರೆಂಚರ ಮೈತ್ರಿ ಬಯಸಿದ್ದಾನೆ, ಸ್ವಯಂಸೇವಕರು ಮುಂದೆ ಬರಲಿ ಎಂದು ಸಾರಿಬಿಟ್ಟ. ಇಷ್ಟೆಲ್ಲ ಸದ್ದಿನ ಫಲವಾಗಿ ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಹಡಗಿನಿಂದ ಇಳಿದವರು ಸುಮಾರು ನೂರು ಮಂದಿ. ಒಂದು ಕೋಟೆಯನ್ನು ಕಾಯಲೂ ಸಾಲದ ಪಡೆ!

ಆದರೆ ಪಡೆಗಿಂತ ಕಾಗದ ದೊಡ್ಡದು. ಗವರ್ನರ್ ಜನರಲ್ ಆಗಿ ಆಗತಾನೇ ಬಂದಿದ್ದ ಲಾರ್ಡ್ ಮಾರ್ನಿಂಗ್ಟನ್, ಅಂದರೆ ಮುಂದಿನ ಮಾರ್ಕ್ವಿಸ್ ವೆಲ್ಲೆಸ್ಲಿ, ಕಲ್ಕತ್ತೆಗೆ ತಲುಪಿ ಮೂರು ವಾರಗಳಾಗಿದ್ದವು. ಜೂನ್ 8ರಂದು ಆ ಘೋಷಣೆ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಜೂನ್ 20ರಂದು ವೆಲ್ಲೆಸ್ಲಿ ಮದರಾಸಿನ ಜನರಲ್ ಹ್ಯಾರಿಸನಿಗೆ ಸೈನ್ಯವನ್ನು ಒಟ್ಟುಗೂಡಿಸುವಂತೆ ಬರೆದ. ಆದರೆ ಮದರಾಸಿನ ಸೈನ್ಯ ಸಿದ್ಧವಾಗಿರಲಿಲ್ಲ. ಎತ್ತುಗಳಿಲ್ಲ, ಹಣವಿಲ್ಲ, ಮಳೆಗಾಲ ಬೇರೆ. ಸಮಯ ಬೇಕಾಗಿತ್ತು.

ಆಗಸ್ಟ್ 7 ಮತ್ತು ಆಗಸ್ಟ್ 12

ಓದುಗರು ಈ ಎರಡು ತಾರೀಕುಗಳನ್ನು ದಯವಿಟ್ಟು ಜೊತೆಯಲ್ಲಿಟ್ಟು ನೋಡಬೇಕು.

1798ರ ಆಗಸ್ಟ್ 7ರಂದು ವೆಲ್ಲೆಸ್ಲಿ ವಯನಾಡಿನ ಬಗ್ಗೆ ತನ್ನ ತೀರ್ಮಾನವನ್ನು ಸಾರಿದ. ದಾಖಲೆಗಳನ್ನೆಲ್ಲ ಪರಿಶೀಲಿಸಿದ್ದಾಗಿದೆ, 1792ರ ಒಪ್ಪಂದದಲ್ಲಿ ವಯನಾಡು ಕಂಪೆನಿಗೆ ಸೇರಿರಲಿಲ್ಲ, ಅದು ಸುಲ್ತಾನನದ್ದೇ ಎಂದು. ಆರು ವರ್ಷಗಳಿಂದ ನಡೆದಿದ್ದ ತಕರಾರಿನಲ್ಲಿ ಕಂಪೆನಿ ತಾನಾಗಿ ಸೋಲೊಪ್ಪಿಕೊಂಡಿತು. ಎಂಥ ನ್ಯಾಯನಿಷ್ಠೆ!

ಐದು ದಿನ ಕಳೆದು ಆಗಸ್ಟ್ 12ರಂದು ಅದೇ ವೆಲ್ಲೆಸ್ಲಿ ತನ್ನ ರಹಸ್ಯ ಇಲಾಖೆಯ ಕಡತದಲ್ಲಿ ಉದ್ದವಾದ ಟಿಪ್ಪಣಿಯೊಂದನ್ನು ಬರೆದ. ಮಾರಿಷಸ್ಸಿನ ವ್ಯವಹಾರವೇ ಯುದ್ಧ ಸಾರಿದ್ದಕ್ಕೆ ಸಮ, ಟಿಪ್ಪುವಿನ ಬಲವನ್ನು ಮುರಿಯಲು ಕಂಪೆನಿಗೆ ಪೂರ್ಣ ಹಕ್ಕಿದೆ ಎಂಬುದು ಅದರ ತಾತ್ಪರ್ಯ.

ಒಂದು ಕಾಗದ ಲೋಕಕ್ಕೆ ತೋರಿಸಲು, ಇನ್ನೊಂದು ಕಪಾಟಿನೊಳಗೆ ಇಡಲು. ಕಾನೂನಿನ ದೃಷ್ಟಿಯಿಂದ ವಯನಾಡಿನ ತೀರ್ಮಾನ ಸರಿಯೇ ಇದ್ದಿರಬಹುದು. ಪಟ್ಟಿಯಲ್ಲಿ ಹೆಸರಿರಲಿಲ್ಲವೆಂಬುದು ನಿಜ. ಆದರೆ ಸೈನ್ಯ ಕೂಡಿಸಲು ಆಜ್ಞೆ ಹೋದ ಏಳು ವಾರಗಳ ಮೇಲೆ ಈ ಔದಾರ್ಯ ಏಕೆ ಬಂತು? ನನಗೆ ತೋರುವಂತೆ, ಮುಂದೆ ಲಂಡನ್ನಿನಲ್ಲಿ, ಹೈದರಾಬಾದಿನಲ್ಲಿ, ಪುಣೆಯಲ್ಲಿ “ನಾವು ಕೊನೆಯವರೆಗೂ ನ್ಯಾಯವಾಗಿಯೇ ನಡೆದೆವು” ಎಂದು ಹೇಳಿಕೊಳ್ಳಲು ಒಂದು ಗುರುತು ಬೇಕಿತ್ತು. ಆ ಗುರುತು ವಯನಾಡು. ಕೊಟ್ಟದ್ದು ಕಾಗದದಲ್ಲಿ ಮಾತ್ರ. ಕೊಡುವಾಗಲೇ ತೆಗೆದುಕೊಳ್ಳುವ ಸಿದ್ಧತೆ ನಡೆದಿತ್ತು. ಕಲ್ಕತ್ತೆಯ ಕಾಗದದಲ್ಲಾಗಲಿ ಶ್ರೀರಂಗಪಟ್ಟಣದ ಕಾಗದದಲ್ಲಾಗಲಿ ಕುರಿಚ್ಯರ, ಪಣಿಯರ, ಚೆಟ್ಟಿಗಳ, ಗೌಡರ ಅಭಿಪ್ರಾಯ ಕೇಳಿದ ಉಲ್ಲೇಖ ಹುಡುಕುವುದೇ ವ್ಯರ್ಥ.

ದರ್ಬಾರಿಗೊಂದು ಮುಖ

ಇಷ್ಟು ಹೇಳಿದ ಮಾತ್ರಕ್ಕೆ ಕಥೆ ಕಟ್ಟುವ ಕಲೆ ಇಂಗ್ಲಿಷರೊಬ್ಬರದೇ ಎಂದು ತಿಳಿಯಬಾರದು. ಟಿಪ್ಪುವೂ ಅದರಲ್ಲಿ ಕಡಿಮೆಯವನಾಗಿರಲಿಲ್ಲ. 1785ರಲ್ಲಿ ತುರ್ಕಿಯ ಖಲೀಫನ ಕಡೆಗೆ ನಿಯೋಗ ಕಳುಹಿಸುವಾಗ ಅವನು ಧರ್ಮರಕ್ಷಕ. 1788ರಲ್ಲಿ ಅವನ ದೂತರು ಹದಿನಾರನೆಯ ಲೂಯಿಯ ವರ್ಸೇಲ್ಸ್ ಅರಮನೆಗೆ ಹೋದಾಗ ಅವನು ಫ್ರೆಂಚ್ ಅರಸನ ಹಳೆಯ ಮಿತ್ರ. ಆ ಅರಸನ ತಲೆ ಉರುಳಿದ ಮೇಲೆ ಅವನು ಗಣರಾಜ್ಯದ ಮಿತ್ರ. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ಕನ್ನಡದಲ್ಲಿ ಕಾಗದ ಬರೆದು ನೆರವು ಕೊಟ್ಟವನೂ ಅವನೇ. ಆ ಕಾಗದಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಅದೇ ಕಾಲದಲ್ಲಿ ಕೊಡಗಿನವರಿಗೂ ಮಲಬಾರಿನವರಿಗೂ ಮಂಗಳೂರಿನ ಕ್ರೈಸ್ತರಿಗೂ ಅವನ ದಂಡಿನ ನೆನಪು ಬೇರೆಯೇ. ಇವುಗಳಲ್ಲಿ ಯಾವುದನ್ನೂ ಅಳಿಸಿ ಇನ್ನೊಂದನ್ನು ಉಳಿಸಿಕೊಳ್ಳಲು ಬರುವುದಿಲ್ಲ.

ಫ್ರೆಂಚರನ್ನು ನೋಡಿ. 1798ರ ಜುಲೈ ತಿಂಗಳಲ್ಲಿ ಈಜಿಪ್ಟಿಗೆ ಇಳಿದ ನೆಪೋಲಿಯನ್ ಫಿರಂಗಿಗಳ ಜೊತೆಗೆ ಅಚ್ಚುಕೂಟವನ್ನೂ ಹೊತ್ತು ತಂದಿದ್ದ. ಅರಬ್ಬಿ ಅಚ್ಚುಮೊಳೆಗಳು ರೋಮಿನ ಚರ್ಚಿನ ಮತಪ್ರಸಾರ ಸಂಸ್ಥೆಯಾದ ‘ಪ್ರಾಪಗಾಂಡಾ’ದ ಮುದ್ರಣಾಲಯದಿಂದ ಬಂದವು. ಇಂದು ಪ್ರಚಾರಕ್ಕೆ ಇಂಗ್ಲಿಷಿನಲ್ಲಿ ಬಳಸುವ ಶಬ್ದ ಹುಟ್ಟಿದ್ದು ಆ ಸಂಸ್ಥೆಯ ಹೆಸರಿನಿಂದಲೇ. ಕ್ರೈಸ್ತ ಮತದ ಪ್ರಚಾರಕ್ಕಾಗಿ ಎರಕ ಹೊಯ್ದ ಆ ಮೊಳೆಗಳಿಂದ ಅವನು ಅಚ್ಚು ಹಾಕಿಸಿದ ಘೋಷಣೆ ಏನು? ಫ್ರೆಂಚರು ಇಸ್ಲಾಮಿನ ನಿಜವಾದ ಸ್ನೇಹಿತರು ಎಂದು!

ಇದಕ್ಕೆ ಪ್ರತಿಯಾಗಿ ತುರ್ಕಿಯ ಸುಲ್ತಾನ ಮೂರನೆಯ ಸಲೀಮನು, ಫ್ರೆಂಚರು ಧರ್ಮದ ಶತ್ರುಗಳು, ಅವರನ್ನು ಬಿಟ್ಟುಬಿಡು ಎಂದು ಟಿಪ್ಪುವಿಗೆ ಪತ್ರ ಬರೆದ. ಆ ಪತ್ರವನ್ನು ಟಿಪ್ಪುವಿಗೆ ಮುಟ್ಟಿಸಿದ ಅಂಚೆಯವರು ಯಾರು? ಇಂಗ್ಲಿಷರು. ನೆಪೋಲಿಯನ್ 1799ರ ಜನವರಿಯಲ್ಲಿ ಕೈರೋದಿಂದ ಬರೆದ ಓಲೆಯಾದರೋ ಟಿಪ್ಪುವಿನ ಕೈಸೇರಲೇ ಇಲ್ಲ. ದಾರಿಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು. ದಾರಿ ಯಾರ ಕೈಯಲ್ಲಿದೆಯೋ ಕಥೆಯೂ ಅವರ ಕೈಯಲ್ಲಿ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಗೆದ್ದವರ ಚಿತ್ರಪಟ

1799ರ ಫೆಬ್ರವರಿಯಲ್ಲಿ ಯುದ್ಧ ಸಾರಲಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಕೋಟೆಯಲ್ಲೇ ಹೋರಾಡುತ್ತ ಮಡಿದ. ಅರಮನೆಯಲ್ಲಿ ಸಿಕ್ಕಿದ ಕಾಗದಪತ್ರಗಳನ್ನು ಕಂಪೆನಿಯವರು ಆರಿಸಿ, ಭಾಷಾಂತರಿಸಿ, ಅಚ್ಚು ಹಾಕಿಸಿದರು. ಯುದ್ಧ ನ್ಯಾಯವಾದದ್ದೇ ಎಂದು ಪಾರ್ಲಿಮೆಂಟಿಗೂ ಜನರಿಗೂ ಮನದಟ್ಟಾಗಬೇಕಿತ್ತಲ್ಲ! ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಕ್ರಾಂತಿಕಾರಿ ‘ಜಾಕೊಬಿನ್ ಕ್ಲಬ್ಬು’ ನಡೆಸುತ್ತಿದ್ದರೆಂಬ ಪ್ರಸಿದ್ಧ ದಾಖಲೆಯೂ ಹೀಗೆ ಹೊರಬಂದದ್ದೇ. ಅದರ ನಿಜತ್ವವನ್ನು ಈಚಿನ ಇತಿಹಾಸಕಾರರಲ್ಲಿ ಕೆಲವರು ಪ್ರಶ್ನಿಸಿದ್ದಾರೆ.

ಮರುವರ್ಷ, 1800ರಲ್ಲಿ, ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವ ಚಿತ್ರಕಾರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು ನೋಡಿದರು. ಟಿಪ್ಪುವಿನ ಅರಮನೆಯ ಮರದ ಹುಲಿ, ಯುರೋಪಿಯನನೊಬ್ಬನ ಮೇಲೆ ಎರಗಿ ಗರ್ಜಿಸುವ ಆ ಯಂತ್ರ, 1808ರಿಂದ ಕಂಪೆನಿಯ ಲಂಡನ್ ಕಛೇರಿಯಲ್ಲಿ ಸಾರ್ವಜನಿಕರ ಮುಂದೆ ನಿಂತಿತು. ಇಂದೂ ಅದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಕ್ರೂರ ಪೂರ್ವದ ರಾಜ ಹೇಗಿರುತ್ತಾನೆಂದು ಒಂದು ಪೀಳಿಗೆಯ ಇಂಗ್ಲಿಷ್ ಮಕ್ಕಳು ಆ ಹುಲಿಯನ್ನು ನೋಡಿ ಕಲಿತರು.

ಇಲ್ಲಿ ಒಂದು ಮಾತು. ಟಿಪ್ಪುವಿನ ಸೆರೆಯಲ್ಲಿದ್ದ ಇಂಗ್ಲಿಷ್ ಸೈನಿಕರು ಪಟ್ಟ ಕಷ್ಟ ಸುಳ್ಳಲ್ಲ. ಮಲಬಾರಿನ, ಕೊಡಗಿನ ಜನರ ಕಷ್ಟವೂ ಸುಳ್ಳಲ್ಲ. ಒಳ್ಳೆಯ ಪ್ರಚಾರ ಪೂರ್ತಿ ಸುಳ್ಳಿನಿಂದ ಆಗುವುದಿಲ್ಲ. ನಿಜವಾದ ನೋವನ್ನು ಎತ್ತಿಕೊಂಡು, ಅದರ ಪಕ್ಕದಲ್ಲಿರುವ ಇನ್ನೊಂದು ನಿಜವಾದ ನೋವನ್ನು ಮರೆಮಾಡುವುದರಿಂದ ಆಗುತ್ತದೆ. ಸುಳ್ಳನ್ನು ಹಿಡಿಯುವುದು ಸುಲಭ, ಅರ್ಧಸತ್ಯವನ್ನು ಹಿಡಿಯುವುದು ಕಷ್ಟ.

ಕಾಡಿನಲ್ಲಿ ಉಳಿದವರು

ಟಿಪ್ಪು ಹೋದ. ಕಾಗದದಲ್ಲಿ ಕೊಟ್ಟ ವಯನಾಡು ಏನಾಯಿತು? 1799ರ ಜೂನ್ 22ರ ಒಪ್ಪಂದದಲ್ಲಿ ಟಿಪ್ಪುವಿನ ರಾಜ್ಯ ಹಂಚಿಹೋಯಿತು. ನಮ್ಮ ಕಾಸರಗೋಡು, ಬೇಕಲಗಳು ಸೇರಿದ ಕೆನರಾ ಕಂಪೆನಿಯ ಪಾಲಿಗೆ ಬಿದ್ದದ್ದೂ ಅದೇ ಕಾಗದದಲ್ಲಿ. ಆಮೇಲೆ 1803ರ ಡಿಸೆಂಬರಿನ ಪೂರಕ ಒಪ್ಪಂದದಿಂದ ವಯನಾಡು ಮೈಸೂರಿನಿಂದ ವಿಧ್ಯುಕ್ತವಾಗಿ ಕಂಪೆನಿಗೆ ವರ್ಗವಾಯಿತು. 1792ರಲ್ಲಿ ನಮ್ಮದು, 1798ರಲ್ಲಿ ನಿಮ್ಮದು, 1803ರಲ್ಲಿ ಮತ್ತೆ ನಮ್ಮದು!

ಅಷ್ಟರಲ್ಲಿ ವಯನಾಡಿನವರು ತಮ್ಮ ಉತ್ತರವನ್ನು ಬೇರೆ ರೀತಿಯಲ್ಲಿ ಕೊಟ್ಟಿದ್ದರು. 1802ರ ಅಕ್ಟೋಬರ್ 11ರಂದು ಎಡಚ್ಚೇನ ಕುಂಗನ್ ಮತ್ತು ಕುರಿಚ್ಯ ಮುಖಂಡ ತಲಯ್ಕಲ್ ಚಂದು ಬಿಲ್ಲು ಬಾಣ ಹಿಡಿದ ಜನರೊಂದಿಗೆ ಪನಮರಂ ಕೋಟೆಯ ಮೇಲೆ ಬಿದ್ದು ಅಲ್ಲಿದ್ದ ಕಂಪೆನಿಯ ಕಾವಲು ಪಡೆಯನ್ನು ಕೊಂದರು. ಮೂರು ವರ್ಷಗಳ ಬೇಟೆಯ ನಂತರ 1805ರಲ್ಲಿ ಚಂದು ಸಿಕ್ಕಿಬಿದ್ದ, ಅವನನ್ನು ಕೊಲ್ಲಲಾಯಿತು. ನವೆಂಬರ್ 30ರಂದು ಪುಲ್ಪಳ್ಳಿಯ ಸಮೀಪ ಮಾವಿಲ ತೋಡಿನ ಬಳಿ ಪಳಶ್ಶಿ ರಾಜ ಹತನಾದ. ಅವನ ಸಮಾಧಿ ಮಾನಂದವಾಡಿಯಲ್ಲಿದೆ. ಕಂಪೆನಿಯ ಕಡತದಲ್ಲಿ ಇವರೆಲ್ಲ ‘ಬಂಡುಕೋರರು’. ಸ್ವಂತ ನೆಲದಲ್ಲಿ ನಿಂತು, ಯಾರ ಕಾಗದಕ್ಕೂ ಸಹಿ ಹಾಕದವರು ಯಾರ ವಿರುದ್ಧ ಬಂಡೆದ್ದಂತಾಯಿತು? ಆ ಪ್ರಶ್ನೆ ಕೇಳುವ ಪತ್ರಿಕೆ ಆಗ ಇರಲಿಲ್ಲ.

ಗೋಧಿ, ಬಣ್ಣದ ಪತ್ರಿಕೆ, ಪೀಕಿಂಗ್ ರೇಡಿಯೋ

ಇದೆಲ್ಲ ಹಳೆಯ ಕಥೆ ಎನ್ನುವವರಿಗೆ ಈಗಿನ ಹಿರಿಯರ ಬಾಲ್ಯದ ಕಾಲವನ್ನೇ ನೆನಪಿಸುತ್ತೇನೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕ, ರಷ್ಯಗಳ ಶೀತಲ ಸಮರ ಕೇರಳದ ಶಾಲೆಯ ಅಂಗಳದವರೆಗೂ ಬಂದಿತ್ತು. ಮಧ್ಯಾಹ್ನದ ‘ಕೇರ್’ ಉಪ್ಪಿಟ್ಟು ಅಮೆರಿಕದ್ದು. ಹಸ್ತಲಾಘವದ ಚಿತ್ರವಿದ್ದ ಚೀಲಗಳನ್ನು ಎಷ್ಟೋ ಮನೆಗಳಲ್ಲಿ ಆಮೇಲೂ ಬಳಸುತ್ತಿದ್ದರು. ಪುಸ್ತಕಕ್ಕೆ ಹಾಕುವ ನುಣುಪು ರಟ್ಟು ‘ಸೋವಿಯತ್ ಲ್ಯಾಂಡ್’ ಪತ್ರಿಕೆಯದು. ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತಿದ್ದ ಮಾಸ್ಕೋದ ಮಕ್ಕಳ ಪುಸ್ತಕಗಳನ್ನು ಓದಿ ಬೆಳೆದವರು ನಮ್ಮಲ್ಲಿ ಎಷ್ಟೋ ಮಂದಿ. ಹಸಿದ ಮಗುವಿಗೆ ಉಪ್ಪಿಟ್ಟು ಉಪ್ಪಿಟ್ಟೇ, ಓದುವ ಮಗುವಿಗೆ ಪುಸ್ತಕ ಪುಸ್ತಕವೇ. ಅದಕ್ಕಾಗಿ ಕೃತಜ್ಞತೆ ಇರಲಿ. ಆದರೆ ಕೊಟ್ಟವರ ಲೆಕ್ಕದಲ್ಲಿ ಅದು ಬೇರೆ ಖಾತೆಯಲ್ಲಿತ್ತು. ಕೇರಳದ ಮೊದಲ ಕಮ್ಯುನಿಸ್ಟ್ ಸರಕಾರ 1959ರ ಜುಲೈ 31ರಂದು ವಜಾ ಆಯಿತು. ಕೇರಳದಲ್ಲಿ ಕಮ್ಯುನಿಸ್ಟರ ವಿರುದ್ಧ ಅಮೆರಿಕ ಹಣ ಕೊಟ್ಟಿತ್ತೆಂದು ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮೊಯ್ನಿಹಾನ್ 1978ರ ತನ್ನ ಪುಸ್ತಕದಲ್ಲಿ ಬರೆದಾಗ, ಆ ಖಾತೆಯ ಒಂದು ಹಾಳೆ ಹೊರಬಿತ್ತು.

ವಯನಾಡಿನ ಪಾಲಿಗೆ ಬಂದದ್ದು ಮೂರನೆಯ ಶಕ್ತಿ, ಚೀನ. 1967ರಲ್ಲಿ ಬಂಗಾಳದ ನಕ್ಸಲಬಾರಿಯಲ್ಲಿ ರೈತರು ಎದ್ದಾಗ ಪೀಕಿಂಗಿನ ರೇಡಿಯೋ ಅದನ್ನು ಕೊಂಡಾಡಿತು. ಜುಲೈ 5ರಂದು ಅಲ್ಲಿನ ಪಕ್ಷದ ಪತ್ರಿಕೆ ‘ಭಾರತದ ಮೇಲೆ ವಸಂತದ ಗುಡುಗು’ ಎಂದು ಬರೆಯಿತು. 1968ರ ನವೆಂಬರ್ 24ರಂದು ಪುಲ್ಪಳ್ಳಿಯ ಪೊಲೀಸ್ ಶಿಬಿರದ ಮೇಲೆ ದಾಳಿ ನಡೆಯಿತು. ಪಳಶ್ಶಿ ರಾಜ ಮಡಿದ ಅದೇ ಪುಲ್ಪಳ್ಳಿ. 1970ರ ಫೆಬ್ರವರಿ 18ರಂದು ತಿರುನೆಲ್ಲಿಯ ಕಾಡಿನಲ್ಲಿ ಎ. ವರ್ಗೀಸ್ ಗುಂಡಿಗೆ ಬಲಿಯಾದರು.

ಒಬ್ಬರಿಗೆ ಇದು ವಿಶ್ವಕ್ರಾಂತಿಯ ಗುಡುಗು. ಇನ್ನೊಬ್ಬರಿಗೆ ಚೀನದ ಕೈವಾಡ. ಎರಡೂ ಕಥೆಗಳಲ್ಲಿ ಕಾಣದೆ ಹೋದದ್ದು ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಅಡಿಯರನ್ನೂ ಪಣಿಯರನ್ನೂ ವರ್ಷದ ಜೀತಕ್ಕೆ ಗೊತ್ತುಮಾಡುತ್ತಿದ್ದ ಪದ್ಧತಿ, ಅವರ ಕೂಲಿಯ ಭತ್ತದ ಅಳತೆ, ಪುಲ್ಪಳ್ಳಿಯ ದೇವಸ್ವದ ಭೂಮಿಯಿಂದ ಎಬ್ಬಿಸಲ್ಪಡುವ ಭಯದಲ್ಲಿದ್ದ ವಲಸೆ ರೈತರು. ಇಷ್ಟಕ್ಕೂ ಪೀಕಿಂಗ್ ಏನು ಮಾಡಿತು? 1970ರ ಕೊನೆಗೆ ತನ್ನನ್ನೇ ನಂಬಿದ್ದ ಭಾರತೀಯ ಅನುಯಾಯಿಗಳಿಗೆ ನೀವು ಹಿಡಿದ ದಾರಿ ತಪ್ಪೆಂದು ಹೇಳಿ ಕಳುಹಿಸಿತು. 1972ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ನನನ್ನು ಬರಮಾಡಿಕೊಂಡು ಕೈಕುಲುಕಿತು. ತಿರುನೆಲ್ಲಿಯಲ್ಲಿ ಸತ್ತವರಿಗೆ ಆ ಕೈಕುಲುಕಿನಲ್ಲಿ ಪಾಲಿರಲಿಲ್ಲ.

ವರ್ಗೀಸ್ ಪೊಲೀಸರೊಡನೆ ನಡೆದ ಕಾಳಗದಲ್ಲಿ ಸತ್ತರೆಂಬುದು ಸರಕಾರದ ಕಥೆಯಾಗಿತ್ತು. 1998ರಲ್ಲಿ ಗುಂಡು ಹಾರಿಸಿದ ಕಾನ್ಸ್‌ಟೇಬಲನೇ, ಸೆರೆಸಿಕ್ಕವನನ್ನು ಮೇಲಧಿಕಾರಿಯ ಆಜ್ಞೆಯಂತೆ ಕೊಂದೆನೆಂದು ಒಪ್ಪಿಕೊಂಡ. 2010ರಲ್ಲಿ ನ್ಯಾಯಾಲಯ ನಿವೃತ್ತ ಐ.ಜಿ. ಕೆ. ಲಕ್ಷ್ಮಣರಿಗೆ ಶಿಕ್ಷೆ ವಿಧಿಸಿತು. ನಲವತ್ತು ವರ್ಷ ಹಿಡಿಯಿತು. ಕಥೆಗಳಿಗೂ ಆಯುಸ್ಸಿದೆ ಎಂಬುದಕ್ಕೆ ಇದೊಂದು ಸಾಕ್ಷಿ.

ತಾಳಮದ್ದಳೆಯ ಪಾಠ

ಕುಂಬಳೆಯ ಪಾರ್ತಿಸುಬ್ಬನ ನೆಲದವರಾದ ನಮಗೆ ಎರಡು ಪಕ್ಷಗಳ ವಾದ ಕೇಳುವುದು ಹೊಸತಲ್ಲ. ತಾಳಮದ್ದಳೆಯಲ್ಲಿ ವಾಲಿಯ ಅರ್ಥ ಹೇಳುವವನು ರಾಮನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಕೌರವನ ಅರ್ಥ ಹೇಳುವವನು ಸಂಧಾನಕ್ಕೆ ಬಂದ ಕೃಷ್ಣನನ್ನೇ ಜಗಳಗಂಟನೆನ್ನುತ್ತಾನೆ. ಕೇಳುವಷ್ಟು ಹೊತ್ತು ಅದೇ ಸರಿ ಎನಿಸುತ್ತದೆ. ಆದರೆ ಅಲ್ಲಿ ಎದುರಿಗೊಬ್ಬ ಅರ್ಥಧಾರಿ ಕುಳಿತಿದ್ದಾನೆ, ಅವನ ಉತ್ತರ ಕೇಳದೆ ಪ್ರಸಂಗ ಮುಗಿಯುವುದಿಲ್ಲ. ಮುಖ್ಯವಾಗಿ, ಇದು ಅರ್ಥಗಾರಿಕೆ ಎಂದು ಸಭೆಗೆ ಗೊತ್ತಿದೆ. ಬಲಾಢ್ಯ ರಾಷ್ಟ್ರಗಳ ಕೂಟದಲ್ಲಿ ಎದುರು ಅರ್ಥಧಾರಿಯ ಬಾಯಿ ಕಟ್ಟುವುದೇ ಮೊದಲ ಕೆಲಸ, ಅರ್ಥವನ್ನೇ ಪುರಾಣವೆಂದು ನಂಬಿಸುವುದು ಎರಡನೆಯದು.

ಈಚಿನ ಎರಡು ಉದಾಹರಣೆ ಸಾಕು. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಸಣ್ಣ ಸೀಸೆಯೊಂದನ್ನು ಎತ್ತಿ ಹಿಡಿದು ಇರಾಕಿನ ಭೀಕರ ಅಸ್ತ್ರಗಳ ಬಗ್ಗೆ ಹೇಳಿದರು. ಅಷ್ಟರಲ್ಲೇ ಕುವೈತಿನಲ್ಲಿ ಸೈನ್ಯ ಕೂಡುತ್ತಿತ್ತು. ಮಾರ್ಚಿನಲ್ಲಿ ಯುದ್ಧ ನಡೆಯಿತು. ಹೇಳಿದ ಅಸ್ತ್ರಗಳು ಸಿಗಲಿಲ್ಲ. ಕೊಲ್ಲಿ ನಾಡುಗಳಲ್ಲಿ ದುಡಿಯುವ ನಮ್ಮ ಜಿಲ್ಲೆಯವರ ಮನೆಗಳಲ್ಲಿ ಆ ದಿನಗಳ ಆತಂಕ ಇನ್ನೂ ನೆನಪಿದೆ. 2022ರ ಫೆಬ್ರವರಿ 24ರಂದು ರಷ್ಯ ಉಕ್ರೇನಿನೊಳಗೆ ಸೈನ್ಯ ನುಗ್ಗಿಸಿ ಅದನ್ನು ಯುದ್ಧವೆನ್ನದೆ ‘ವಿಶೇಷ ಸೈನಿಕ ಕಾರ್ಯಾಚರಣೆ’ ಎಂದಿತು. ಸೈನ್ಯದ ಬಗ್ಗೆ ಸರಕಾರ ಸುಳ್ಳೆಂದು ಹೇಳುವ ಮಾತಾಡಿದರೆ ಹದಿನೈದು ವರ್ಷದವರೆಗೆ ಸೆರೆ ಎಂಬ ಕಾನೂನನ್ನು ಎರಡೇ ವಾರದೊಳಗೆ ತಂದಿತು. ಯುರೋಪಿನ ಒಕ್ಕೂಟ ರಷ್ಯದ ಟಿವಿ ವಾಹಿನಿಗಳನ್ನು ನಿಷೇಧಿಸಿತು. ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ರಾಷ್ಟ್ರಗಳು ರಷ್ಯವನ್ನು ಖಂಡಿಸಿದವು, 5 ವಿರೋಧಿಸಿದವು, ಭಾರತವೂ ಸೇರಿ 35 ತಟಸ್ಥವಾದವು. ಅದರ ಹಿಂದಿನ ದಿನವಷ್ಟೇ ಖಾರ್ಕಿವ್ ನಗರದಲ್ಲಿ ಕರ್ನಾಟಕದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಸತ್ತಿದ್ದ. ಎರಡು ಕಡೆಯ ಕಥೆಗಳಲ್ಲಿ ಯಾವುದನ್ನೂ ಬರೆಯದಿದ್ದ ಹುಡುಗ.

ಓದುಗನ ಕೈಯಲ್ಲಿರುವುದು

ನಮ್ಮಂಥ ಸಣ್ಣ ಪತ್ರಿಕೆಗಳಿಗೆ ಹೊರನಾಡಿನಲ್ಲಿ ವರದಿಗಾರರಿಲ್ಲ. ವಿದೇಶದ ಸುದ್ದಿ ದೊಡ್ಡ ಸುದ್ದಿಸಂಸ್ಥೆಗಳ ಮೂಲಕವೇ ಬರಬೇಕು. ಈ ಅಸಮತೆಯನ್ನು ಸರಿಪಡಿಸಲು 1976ರಲ್ಲಿ ಅಲಿಪ್ತ ರಾಷ್ಟ್ರಗಳು ತಮ್ಮದೇ ಸುದ್ದಿಕೂಟ ಕಟ್ಟಿದವು. 1980ರಲ್ಲಿ ಯುನೆಸ್ಕೋದ ಮ್ಯಾಕ್‌ಬ್ರೈಡ್ ಆಯೋಗ ಈ ವಿಷಯದಲ್ಲಿ ದೊಡ್ಡ ವರದಿ ಕೊಟ್ಟಿತು. ಅವು ಹೆಚ್ಚು ದೂರ ಹೋಗಲಿಲ್ಲ. ಇಂದು ಸುದ್ದಿ ಪತ್ರಿಕೆಗೂ ಮುಂಚೆ ಮೊಬೈಲಿಗೆ ಬರುತ್ತದೆ. ಬರೆದವರು ಯಾರೆಂಬುದೇ ಇಲ್ಲದೆ, ಚಿಕ್ಕಪ್ಪನ ಮಗನೋ ಹಳೆಯ ಸಹಪಾಠಿಯೋ ಕಳುಹಿಸಿದ್ದೆಂಬ ವಿಶ್ವಾಸದ ಮುದ್ರೆ ಹೊತ್ತು ಬರುತ್ತದೆ. ವೆಲ್ಲೆಸ್ಲಿಗೆ ಇಂಥ ಅಂಚೆ ಸಿಕ್ಕಿದ್ದರೆ!

ಹಾಗಾದರೆ ಎಲ್ಲವೂ ಸುಳ್ಳೆಂದು ಕೈಚೆಲ್ಲಿ ಕೂರುವುದೇ? ಅದೂ ಸರಿಯಲ್ಲ. “ಎಲ್ಲರೂ ಸುಳ್ಳುಗಾರರೇ” ಎಂದು ಓದುಗ ಬೇಸತ್ತರೆ ಅದರಿಂದ ಲಾಭವಾಗುವುದು ದೊಡ್ಡ ಸುಳ್ಳುಗಾರನಿಗೆ. ವಯನಾಡಿನ ಕಾಗದಗಳು ಒಂದು ಸುಲಭವಾದ ಪರೀಕ್ಷೆಯನ್ನು ಕಲಿಸುತ್ತವೆ. ಮಾತಿನ ತಾರೀಕಿನ ಪಕ್ಕದಲ್ಲಿ ಕೆಲಸದ ತಾರೀಕನ್ನು ಇಟ್ಟು ನೋಡಿ. ಜೂನ್ 20ರ ಆಜ್ಞೆಯ ಪಕ್ಕದಲ್ಲಿ ಆಗಸ್ಟ್ 7ರ ಔದಾರ್ಯವನ್ನು ಇಟ್ಟರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರಡನೆಯದಾಗಿ, ಆ ಕಥೆಯಲ್ಲಿ ಯಾವ ಊರಿನ ಹೆಸರು ಬಂದಿದೆಯೋ ಆ ಊರಿನವರ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ, ಕಥೆ ಎಷ್ಟೇ ಚೆನ್ನಾಗಿರಲಿ, ಅದು ಆ ಊರಿನ ಕಥೆಯಲ್ಲ.

ಬತ್ತೇರಿಯಿಂದ ಹೊರಡುವ ಮುಂಚೆ ಇನ್ನೊಮ್ಮೆ ಬಸದಿಯ ಒಳಗೆ ಹೋದೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಟ್ಟಡ. ಕಗ್ಗಲ್ಲಿನ ಕಂಬಗಳು, ತಣ್ಣನೆಯ ನೆಲ. ಪೂಜೆಯಿಲ್ಲ, ಮದ್ದುಗುಂಡೂ ಇಲ್ಲ. ಗೌಡರು ಹೊರಗೆ ನೆರಳಿನಲ್ಲಿ ಕಾದಿದ್ದರು. “ಏನು ಬರೆಯುತ್ತೀರಿ ಮಾಷ್ಟ್ರೇ?” ಎಂದು ಕೇಳಿದರು. “ನಿಮ್ಮ ಊರನ್ನು ಒಬ್ಬರು ಒಮ್ಮೆ ಕಾಗದದಲ್ಲಿ ದಾನ ಮಾಡಿದ್ದರಂತೆ, ಅದನ್ನು ಬರೆಯುತ್ತೇನೆ” ಎಂದೆ.

“ಹೌದೇ? ನಮಗೆ ತಿಳಿಸಲೇ ಇಲ್ಲವಲ್ಲ!” ಎಂದರು ಅವರು. ಇಬ್ಬರೂ ನಕ್ಕೆವು. ಗುಂಡ್ಲುಪೇಟೆಯ ಬಸ್ಸು ಬಂದು ನಿಂತಿತು.